ಹಳೆ ಕಾರಿಗೆ ಕಡಿಮೆ ಖರ್ಚಿನ ಟೈಮಿಂಗ್ ಲೈಟ್: ಮಂಗಳೂರು, ಉಡುಪಿಯಲ್ಲಿ ಹುಡುಕುವುದು, ಪರೀಕ್ಷಿಸುವುದು, ಬಳಸುವುದು

ಕಾರ್ಬುರೇಟರ್ ಇರುವ ಮಾರುತಿ 800, ಓಮ್ನಿ, ಹಳೆ ಜಿಪ್ಸಿ, ಪ್ರೀಮಿಯರ್ ಪದ್ಮಿನಿ, ಪೆಟ್ರೋಲ್ ಅಂಬಾಸಿಡರ್. ಇವುಗಳಲ್ಲಿ ಒಂದು ನಿಮ್ಮ ಅಂಗಳದಲ್ಲಿ ಉಂಟಾದರೆ ಟೈಮಿಂಗ್ ಲೈಟ್ ನಿಮ್ಮ ಹತ್ತಿರ ಇರಬೇಕಾದ ಸಾಮಾನು. ಟೈಮಿಂಗ್ ಅಂದರೆ ಇಂಜಿನ್ ಸುತ್ತಿನ ಯಾವ ಡಿಗ್ರಿಯಲ್ಲಿ ಸ್ಪಾರ್ಕ್ ಪ್ಲಗ್ ಸಿಡಿಯುತ್ತದೆ ಅನ್ನುವುದು. ಮಾರುತಿ 800 ತಯಾರಿಕೆ ನಿಂತದ್ದು 2014ರಲ್ಲಿ, ಅಂಬಾಸಿಡರ್ ಕೂಡ ಅದೇ ವರ್ಷ. ಡೆಲ್ಕೋ (ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್) ತಿರುಗಿಸಿ ಟೈಮಿಂಗ್ ಕೂರಿಸುವ ಗಾಡಿಗಳಂತೂ ಅದಕ್ಕಿಂತ ಎಷ್ಟೋ ಮೊದಲೇ ಕಡಿಮೆಯಾಗಿದ್ದವು. ಕಿವಿಯಲ್ಲೇ ಟೈಮಿಂಗ್ ಹಿಡಿಯುವ ಹಿರಿಯ ಮೆಕ್ಯಾನಿಕ್‌ಗಳು ನಮ್ಮ ಕಡೆ ಇನ್ನೂ ಇದ್ದಾರೆ, ಆದರೆ ವರ್ಷದಿಂದ ವರ್ಷಕ್ಕೆ ಕಮ್ಮಿಯಾಗುತ್ತಿದ್ದಾರೆ. ಅದಕ್ಕೇ ಈ ಕೆಲಸವನ್ನು ನಾವೇ ಕಲಿತುಕೊಳ್ಳುವುದು ಒಳ್ಳೆಯದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಸಾಮಾನಿನಲ್ಲಿ ಅಗ್ಗದ, ಸರಳ ಮಾದರಿಯೇ ನಂಬಿಕೆಗೆ ಜಾಸ್ತಿ ಅರ್ಹ. ಯಾಕೆ ಅಂತ ಗೊತ್ತಾಗಬೇಕಾದರೆ ಅದು ಹೇಗೆ ಕೆಲಸ ಮಾಡುತ್ತದೆ ಅನ್ನುವುದನ್ನು ನೋಡಬೇಕು.

ಲೈಟ್ ಏನು ಮಾಡುತ್ತದೆ

ಪಿಸ್ತೂಲಿನ ಆಕಾರದ ಒಂದು ಟಾರ್ಚ್. ಅದಕ್ಕೆ ಮೂರು ವಯರ್. ಎರಡು ಬ್ಯಾಟರಿಗೆ, ಮೂರನೆಯದರ ತುದಿಯಲ್ಲಿ ಬಟ್ಟೆ ಕ್ಲಿಪ್ಪಿನ ಹಾಗೆ ಬಾಯಿ ತೆರೆಯುವ ಒಂದು ಕ್ಲ್ಯಾಂಪ್. ಈ ಕ್ಲ್ಯಾಂಪನ್ನು ಒಂದನೇ ಸಿಲಿಂಡರಿನ ಪ್ಲಗ್ ವಯರಿನ ಮೇಲೆ ಹಾಕಬೇಕು. ವಯರನ್ನು ಬಿಚ್ಚುವುದು, ಚುಚ್ಚುವುದು ಏನೂ ಇಲ್ಲ. ಪ್ಲಗ್ಗಿಗೆ ಕರೆಂಟ್ ಹೋದಾಗಲೆಲ್ಲ ಕ್ಲ್ಯಾಂಪ್ ಅದನ್ನು ಗುರುತಿಸುತ್ತದೆ, ಲೈಟ್ ಒಮ್ಮೆ ಮಿನುಗುತ್ತದೆ.

ಇಂಜಿನ್ 900 ಆರ್‌ಪಿಎಂನಲ್ಲಿ ಐಡ್ಲಿಂಗ್ ಇದೆ ಅಂತ ಇಟ್ಟುಕೊಳ್ಳಿ. ಫೋರ್ ಸ್ಟ್ರೋಕ್ ಇಂಜಿನ್ನಿನಲ್ಲಿ ಎರಡು ಸುತ್ತಿಗೆ ಒಂದು ಸಲ ಒಂದನೇ ಪ್ಲಗ್ ಸಿಡಿಯುತ್ತದೆ. ಅಂದರೆ ನಿಮಿಷಕ್ಕೆ 450 ಸಲ, ಸೆಕೆಂಡಿಗೆ ಏಳೂವರೆ. ಪ್ರತಿ ಮಿನುಗಿನಲ್ಲೂ ಪುಲ್ಲಿ ಅದೇ ಜಾಗಕ್ಕೆ ಬಂದಿರುತ್ತದೆ. ಹಾಗಾಗಿ ಸುತ್ತುತ್ತಿರುವ ಪುಲ್ಲಿಯ ಮೇಲಿನ ಗುರುತು ನಿಂತ ಹಾಗೆ ಕಾಣುತ್ತದೆ. ಪಕ್ಕದ ಡಿಗ್ರಿ ಗೆರೆಯ ಎದುರು ಅದು ಎಲ್ಲಿ ನಿಂತಿದೆ ಅಂತ ಓದಿದರೆ ಟೈಮಿಂಗ್ ಗೊತ್ತಾಯಿತು.

ಗಮನಿಸಿ, ಡಿಗ್ರಿ ಅಳತೆ ಇರುವುದು ಇಂಜಿನ್ನಿನ ಮೇಲೆ, ಲೈಟಿನಲ್ಲಿ ಅಲ್ಲ. ಸರಳ ಲೈಟಿನಲ್ಲಿ ತಪ್ಪು ಲೆಕ್ಕ ತೋರಿಸುವ ಭಾಗವೇ ಇಲ್ಲ. ಒಂದೋ ಮಿನುಗುತ್ತದೆ, ಇಲ್ಲ ಮಿನುಗುವುದಿಲ್ಲ. ದುಬಾರಿ ಮಾದರಿಗಳ ಹಿಂದೆ ಒಂದು ಗುಂಡಿ ಅಥವಾ ಡಿಜಿಟಲ್ ಪರದೆ ಇರುತ್ತದೆ. ಇವುಗಳಿಗೆ ಅಡ್ವಾನ್ಸ್ ಲೈಟ್ ಅನ್ನುತ್ತಾರೆ. ಪಿಸ್ಟನ್ ತೀರ ಮೇಲೆ ಬರುವ ಮೊದಲೇ ಪ್ಲಗ್ ಸಿಡಿಯುವುದಕ್ಕೆ ಅಡ್ವಾನ್ಸ್ ಅನ್ನುವುದು. ಗುಂಡಿ ತಿರುಗಿಸಿದಷ್ಟು ಡಿಗ್ರಿ ಮಿನುಗನ್ನು ತಡ ಮಾಡಿ, ಗುರುತನ್ನು ಸೊನ್ನೆಗೆ (ಪಿಸ್ಟನ್ ತೀರ ಮೇಲೆ ಇರುವ ಜಾಗ) ತಂದು ಓದುವ ಉಪಾಯ ಅದು. ಒಳ್ಳೆಯದೇ. ಆದರೆ ಆ ತಡವನ್ನು ಲೆಕ್ಕ ಹಾಕುವುದು ಲೈಟಿನ ಒಳಗಿನ ಸರ್ಕ್ಯೂಟ್. ಅಗ್ಗದ ಅಡ್ವಾನ್ಸ್ ಲೈಟಿನಲ್ಲಿ ಅದೇ ಭಾಗ ಕೈಕೊಡುವುದು.

ನಿಮ್ಮ ಗಾಡಿಗೆ ಇದು ಬೇಕಾ?

ದುಡ್ಡು ತೆಗೆಯುವ ಮೊದಲು ಬಾನೆಟ್ ಎತ್ತಿ ನೋಡಿ. ಡೆಲ್ಕೋ ಉಂಟಾ? ಅದರಿಂದ ಪ್ಲಗ್ಗುಗಳಿಗೆ ದಪ್ಪ ವಯರ್ ಹೋಗಿದೆಯಾ? ಎರಡಕ್ಕೂ ಹೌದು ಎಂದಾದರೆ ಲೈಟ್ ಉಪಯೋಗಕ್ಕೆ ಬರುತ್ತದೆ.

ಡೀಸೆಲ್ ಗಾಡಿಯಲ್ಲಿ ಸ್ಪಾರ್ಕೇ ಇಲ್ಲ, ಈ ಲೈಟ್ ನಡೆಯುವುದಿಲ್ಲ. ಪ್ರತಿ ಪ್ಲಗ್ಗಿನ ತಲೆ ಮೇಲೆಯೇ ಕಾಯಿಲ್ ಕೂತಿರುವ ಹೊಸ ಪೆಟ್ರೋಲ್ ಕಾರುಗಳಲ್ಲಿ ಟೈಮಿಂಗನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ, ತಿರುಗಿಸಲು ಏನೂ ಇರುವುದಿಲ್ಲ. ನಡುವಿನ ಕಾಲದ ಕೆಲವು ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಇಂಜೆಕ್ಟರ್ ಇರುವ) ಗಾಡಿಗಳಲ್ಲಿ ಮಾತ್ರ ಡೆಲ್ಕೋ ಮತ್ತು ಕಂಪ್ಯೂಟರ್ ಎರಡೂ ಇವೆ. ಅಂಥವುಗಳಲ್ಲಿ ಬೇಸ್ ಟೈಮಿಂಗ್ (ಕಂಪ್ಯೂಟರ್ ತಿದ್ದುವ ಮೊದಲಿನ ಟೈಮಿಂಗ್) ನೋಡಬೇಕಾದರೆ ಡಯಾಗ್ನೋಸ್ಟಿಕ್ ಸಾಕೆಟ್ಟಿನ ನಿಗದಿಯಾದ ಪಿನ್ನುಗಳನ್ನು ಜೋಡಿಸಬೇಕಾಗುತ್ತದೆ. ಮ್ಯಾನುಯಲ್ ಕೈಯಲ್ಲಿ ಇಲ್ಲದೆ ಅದಕ್ಕೆ ಕೈಹಾಕಬೇಡಿ.

ಯಾವ ಮಾದರಿ ಕೊಳ್ಳಬೇಕು

ನನ್ನ ಸಲಹೆ ಒಂದೇ. ಇಂಡಕ್ಟಿವ್ ಕ್ಲ್ಯಾಂಪ್ (ವಯರಿನ ಮೇಲೆ ಹಾಕಿದರೆ ಸಾಕಾಗುವ ಕ್ಲ್ಯಾಂಪ್) ಇರುವ, 12 ವೋಲ್ಟಿನ, ಝೆನಾನ್ ಬಲ್ಬಿನ, ಗುಂಡಿಯಿಲ್ಲದ ಸರಳ ಲೈಟ್.

ನಿಯಾನ್ ಬಲ್ಬಿನ ಹಳೆ ಕಾಲದ ಲೈಟುಗಳು ಗುಜರಿಯಲ್ಲಿ ಸಿಗುತ್ತವೆ. ಅವಕ್ಕೆ ಬ್ಯಾಟರಿ ಬೇಡ, ಪ್ಲಗ್ ಮತ್ತು ವಯರಿನ ನಡುವೆ ಸೇರಿಸುವ ಮಾದರಿ. ಬೆಲೆ ತೀರಾ ಕಡಿಮೆ ಇರಬಹುದು, ಆದರೆ ಬೆಳಕು ಮಂಕು. ಕತ್ತಲಲ್ಲಿ, ಪುಲ್ಲಿಗೆ ತೀರ ಹತ್ತಿರ ಹಿಡಿದರೆ ಮಾತ್ರ ಏನೋ ಕಾಣುತ್ತದೆ. ಸುತ್ತುವ ಬೆಲ್ಟಿನ ಹತ್ತಿರ ಕೈ ಒಯ್ಯುವಂತೆ ಮಾಡುವ ಸಾಮಾನು ಬೇಡವೇ ಬೇಡ. ಎಲ್‌ಇಡಿ ಲೈಟುಗಳು ಕೆಲಸ ಮಾಡುತ್ತವೆ, ಆದರೆ ಅಗ್ಗದವುಗಳ ಬೆಳಕು ನಮ್ಮ ಹಗಲಿನ ಬಿಸಿಲಿಗೆ ಸಾಲುವುದಿಲ್ಲ. ಮೊಬೈಲಿನಲ್ಲಿ ಸ್ಟ್ರೋಬ್ ಆ್ಯಪ್ ಹಾಕಿದರೆ ಸಾಕು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಫೋನಿಗೆ ಪ್ಲಗ್ ಯಾವಾಗ ಸಿಡಿಯಿತು ಅಂತ ಗೊತ್ತೇ ಆಗುವುದಿಲ್ಲ.

ಬೆಲೆಯ ವಿಷಯ. ಮನೆ ಬಳಕೆಗೆ ಮೂರು ಸಾವಿರ ರೂಪಾಯಿ ಮೀರಿ ಕೊಡುವ ಅಗತ್ಯ ನನಗೆ ಕಾಣುವುದಿಲ್ಲ. ಸೆಕೆಂಡ್ ಹ್ಯಾಂಡ್ ಆದರೆ ಅದರ ಅರ್ಧಕ್ಕಿಂತ ಕೆಳಗೆ ಚೌಕಾಸಿ ಶುರು ಮಾಡಿ. ವರ್ಷಕ್ಕೆ ಎರಡು ಸಲ ಹೊರಗೆ ತೆಗೆಯುವ ಸಾಮಾನಿಗೆ ಅದಕ್ಕಿಂತ ಜಾಸ್ತಿ ಯಾಕೆ ಅಲ್ವಾ?

ಎಲ್ಲಿ ಹುಡುಕುವುದು

ಮೊದಲು ನಿಮ್ಮ ಪರಿಚಯದ ಗ್ಯಾರೇಜಿನಿಂದಲೇ ಶುರು ಮಾಡಿ. ಬೈಕಂಪಾಡಿ, ಯೆಯ್ಯಾಡಿ, ಪಡೀಲ್, ಉಡುಪಿ ಕಡೆಯಾದರೆ ಸಂತೆಕಟ್ಟೆ, ಅಂಬಲಪಾಡಿ, ಮಣಿಪಾಲದ ಶಿವಳ್ಳಿ ಕೈಗಾರಿಕಾ ಪ್ರದೇಶ. ಎಲ್ಲೇ ಆಗಲಿ, ಇಪ್ಪತ್ತು ಮೂವತ್ತು ವರ್ಷದಿಂದ ಪೆಟ್ರೋಲ್ ಗಾಡಿ ಬಿಚ್ಚುತ್ತಿರುವ ಗ್ಯಾರೇಜು ನಿಮಗೆ ಬೇಕಾದದ್ದು. ಅಂಥ ಕಡೆ ಕಪಾಟಿನ ಮೂಲೆಯಲ್ಲಿ ಟೈಮಿಂಗ್ ಲೈಟ್ ಬಿದ್ದಿರುವ ಸಾಧ್ಯತೆ ಜಾಸ್ತಿ. ಈಗಿನ ಕಾರುಗಳಿಗೆ ಸ್ಕ್ಯಾನರ್ ಸಾಕು, ಹಾಗಾಗಿ ಲೈಟ್ ಅವರಿಗೆ ಬೇಡವಾಗಿರುತ್ತದೆ. "ಅಣ್ಣಾ, ಕ್ಲ್ಯಾಂಪ್ ಹಾಕುವ ಟೈಮಿಂಗ್ ಲೈಟ್ ಉಂಟಾ? ಕೊಡ್ತೀರಾ, ಇಲ್ಲದಿದ್ರೆ ಒಂದು ದಿನಕ್ಕೆ ಬಾಡಿಗೆಗಾದ್ರೂ?" ಅಂತ ನೇರವಾಗಿ ಕೇಳಿ. ಮಾರುವುದಕ್ಕೆ ಮನಸ್ಸಿಲ್ಲದವರೂ ಅವರ ಅಂಗಳದಲ್ಲೇ ಒಮ್ಮೆ ಬಳಸಲು ಬಿಡುತ್ತಾರೆ. ಚಹಾ ತಿಂಡಿ ಖರ್ಚು ಕೊಟ್ಟು ಕೆಲಸ ಮುಗಿಸಿಕೊಂಡರೆ ಕೊಳ್ಳುವ ತಾಪತ್ರಯವೇ ಇಲ್ಲ.

ಬಿಡಿಭಾಗದ ಅಂಗಡಿಗಳಲ್ಲಿ ಸ್ಟಾಕ್ ಇರುವುದು ಅಪರೂಪ. ಆದರೆ ಅವರಿಗೆ ಬೆಂಗಳೂರಿನ ಜೆ.ಸಿ. ರಸ್ತೆಯಂಥ ದೊಡ್ಡ ಮಾರುಕಟ್ಟೆಯ ಸಂಪರ್ಕ ಇರುತ್ತದೆ, ಹೇಳಿಟ್ಟರೆ ತರಿಸಿಕೊಡುತ್ತಾರೆ. ರಾತ್ರಿ ಬಸ್ಸಿನಲ್ಲಿ ಪಾರ್ಸೆಲ್ ಬಂದರೆ ಬೆಳಿಗ್ಗೆ ಕೈಗೆ. ಮುಂಗಡ ಕೊಡುವ ಮೊದಲು, ಕೆಲಸ ಮಾಡದಿದ್ದರೆ ವಾಪಸ್ ತೆಗೆದುಕೊಳ್ಳುತ್ತೀರಾ ಅಂತ ಮಾತ್ರ ಕೇಳಿ.

ಬಂದರಿನ ಕಡೆಯ ಗುಜರಿ, ಹಳೆ ಸಾಮಾನಿನ ಅಂಗಡಿಗಳಲ್ಲಿ ಅದೃಷ್ಟ ಇದ್ದರೆ ಒಳ್ಳೆಯ ಲೈಟ್ ಸಿಗುತ್ತದೆ. ಹಳೆಯ ಗಟ್ಟಿ ಬಾಡಿಯ ಲೈಟುಗಳು ಇಂದಿನ ಪ್ಲಾಸ್ಟಿಕ್ ಮಾದರಿಗಳಿಗಿಂತ ಬಾಳಿಕೆ ಬರುತ್ತವೆ. ಆದರೆ ಪರೀಕ್ಷಿಸದೆ ಒಂದು ರೂಪಾಯಿಯೂ ಕೊಡಬೇಡಿ.

ಆನ್‌ಲೈನಿನಲ್ಲಿ ಕೊಳ್ಳುವುದಾದರೆ ಚಿತ್ರದಲ್ಲಿ ಕ್ಲ್ಯಾಂಪ್ ಸ್ಪಷ್ಟವಾಗಿ ಕಾಣಬೇಕು. ಝೆನಾನ್ ಎಂದು ಬರೆದಿರಬೇಕು. ವಾಪಸಾತಿಗೆ ಎಷ್ಟು ದಿನ ಇದೆ ಅಂತ ನೋಡಿ, ಪಾರ್ಸೆಲ್ ಬಂದ ದಿನವೇ ಗಾಡಿಗೆ ಹಾಕಿ ನೋಡಿ. ಭಾನುವಾರ ನೋಡುವಾ ಅಂತ ಇಟ್ಟರೆ ಅವಧಿ ಮುಗಿದೇ ಹೋಗುತ್ತದೆ.

ಇನ್ನೊಂದು ದಾರಿ ನನಗೆ ತುಂಬಾ ಇಷ್ಟ. ಹಳೆ ಕಾರು ಇಟ್ಟುಕೊಂಡಿರುವ ಮೂರು ನಾಲ್ಕು ಮಂದಿ ಸೇರಿ ಒಂದು ಲೈಟ್ ಕೊಳ್ಳುವುದು. ತಲೆಗೆ ಐನೂರು, ಆರುನೂರು ಬೀಳಬಹುದು. ಕದ್ರಿಯ ಐಟಿಐಯಲ್ಲೋ ಕೆಪಿಟಿ ಪಾಲಿಟೆಕ್ನಿಕ್ಕಿನಲ್ಲೋ ಮೋಟಾರ್ ಕೆಲಸ ಕಲಿತ ಹುಡುಗರು ನೆರೆಯಲ್ಲಿ ಇದ್ದರೆ ಅವರನ್ನೂ ಸೇರಿಸಿಕೊಳ್ಳಿ. ಅವರಿಗೆ ಕೈ ಪಳಗುತ್ತದೆ, ನಿಮಗೆ ಜೊತೆ ಸಿಗುತ್ತದೆ.

ದುಡ್ಡು ಕೊಡುವ ಮೊದಲು ಪರೀಕ್ಷೆ

ಬರೀ ಬ್ಯಾಟರಿಗೆ ಜೋಡಿಸಿದರೆ ಲೈಟ್ ಮಿನುಗುವುದಿಲ್ಲ, ಸ್ಪಾರ್ಕ್ ಬೇಕು. ಹಾಗಾಗಿ ನಿಮ್ಮ ಕಾರಿನಲ್ಲೇ ಹೋಗಿ, ಅಂಗಡಿ ಎದುರು ನಿಲ್ಲಿಸಿ, ಬಾನೆಟ್ ತೆಗೆದು ಅಲ್ಲೇ ನೋಡಿ.

ಮೊದಲು ವಯರ್ ನೋಡಿ. ಹಿಡಿಯ ಒಳಗೆ ಹೋಗುವ ಜಾಗದಲ್ಲಿ ಬಗ್ಗಿ ಬಗ್ಗಿ ಸೀಳಿರುತ್ತದೆ. ಅಲ್ಲಿ ಟೇಪ್ ಸುತ್ತಿದ್ದರೆ ಬೆಲೆ ಇಳಿಸಿ. ಕ್ಲ್ಯಾಂಪ್ ಬಾಯಿ ತೆರೆಯಿರಿ. ಒಳಗೆ ಕಪ್ಪು ಕಲ್ಲಿನಂಥ ಎರಡು ತುಂಡುಗಳು ಕಾಣುತ್ತವೆ. ಅದು ಫೆರೈಟ್. ಬಾಯಿ ಮುಚ್ಚಿದಾಗ ಎರಡೂ ಪೂರ್ತಿ ತಾಗಬೇಕು. ಮೂಲೆ ಒಡೆದಿದ್ದರೆ ಬೇಡ. ಬರೀ ಕೊಳೆ, ಗ್ರೀಸ್ ಇದ್ದರೆ ಒರೆಸಿದರೆ ಸರಿಯಾಗುತ್ತದೆ. ಕೆಟ್ಟಿದೆ ಅಂತ ಬಿಸಾಡುವ ಎಷ್ಟೋ ಲೈಟುಗಳಿಗೆ ಬೇಕಿರುವುದು ಇದೊಂದು ಒರೆಸುವಿಕೆ ಮಾತ್ರ.

ಆಮೇಲೆ ಇಂಜಿನ್ ಬಂದ್ ಇರುವಾಗಲೇ ಜೋಡಿಸಿ. ಕೆಂಪು ಪ್ಲಸ್ಸಿಗೆ, ಕಪ್ಪು ಮೈನಸ್ಸಿಗೆ. ಕ್ಲ್ಯಾಂಪಿನ ಮೇಲೆ ಬಾಣದ ಗುರುತು ಇದ್ದರೆ ಅದು ಸಾಮಾನ್ಯವಾಗಿ ಪ್ಲಗ್ಗಿನ ಕಡೆ ಮುಖ ಮಾಡಿರಬೇಕು. ಸ್ಟಾರ್ಟ್ ಮಾಡಿ ಟ್ರಿಗರ್ ಒತ್ತಿ. ಐಡ್ಲಿಂಗಿನಲ್ಲಿ ತಪ್ಪದೆ, ಒಂದೇ ಲಯದಲ್ಲಿ ಮಿನುಗಬೇಕು. ನಂತರ ಯಾರಾದರೂ ಆಕ್ಸಿಲರೇಟರ್ ಒತ್ತಿ 2,500, 3,000 ಆರ್‌ಪಿಎಂವರೆಗೆ ತರಲಿ. ಮಿನುಗೂ ಅಷ್ಟೇ ಬೇಗ ಆಗಬೇಕು. ಮೇಲೆ ಹೋದ ಹಾಗೆ ತಡವರಿಸಿದರೆ, ನಡುನಡುವೆ ಬಿಟ್ಟುಹೋದರೆ, ಮೊದಲು ಕ್ಲ್ಯಾಂಪನ್ನು ಬೇರೆ ಪ್ಲಗ್ ವಯರಿಗೆ ಹಾಕಿ ನೋಡಿ. ಅಲ್ಲಿ ಸರಿ ಮಿನುಗಿದರೆ ದೋಷ ನಿಮ್ಮ ಕಾರಿನ ಒಂದನೇ ಪ್ಲಗ್ಗಿನದ್ದೋ ಅದರ ವಯರಿನದ್ದೋ. ಎಲ್ಲಾ ವಯರಿನಲ್ಲೂ ಹಾಗೇ ಆದರೆ ಲೈಟಿನ ಮೇಲೇ ಸಂಶಯ, ಬಿಟ್ಟುಬಿಡಿ.

ಗುಂಡಿ ಇರುವ ಲೈಟ್ ಅಗ್ಗಕ್ಕೆ ಸಿಕ್ಕಿದರೆ ಇನ್ನೊಂದು ಪರೀಕ್ಷೆ ಉಂಟು. ಗುಂಡಿ ಸೊನ್ನೆಯಲ್ಲಿಟ್ಟು ಇಂಜಿನ್ನಿನ ಗೆರೆಯಲ್ಲಿ ಟೈಮಿಂಗ್ ಓದಿ. 10 ಡಿಗ್ರಿ ತೋರಿಸಿತು ಅನ್ನೋಣ. ಈಗ ಗುಂಡಿಯನ್ನು ಹತ್ತಕ್ಕೆ ತನ್ನಿ. ಗುರುತು ಸರಿಯಾಗಿ ಸೊನ್ನೆಗೆ ಬರಬೇಕು. ಬರದಿದ್ದರೆ ಗುಂಡಿಯನ್ನು ಮರೆತು, ಸದಾ ಸೊನ್ನೆಯಲ್ಲಿಟ್ಟು ಸರಳ ಲೈಟಿನ ಹಾಗೆ ಬಳಸಿ. ಬೆಲೆಯೂ ಸರಳ ಲೈಟಿನದ್ದೇ ಕೊಡಿ.

ಲೈಟ್ ಸಿಗುವ ತನಕ: ಬಲ್ಬಿನಿಂದ ಟೈಮಿಂಗ್

ಪಾಯಿಂಟ್ (ಕಾಯಿಲ್ಲಿನ ಕರೆಂಟನ್ನು ತೆರೆದು ಮುಚ್ಚುವ ಚಿಕ್ಕ ಸ್ವಿಚ್) ಇರುವ ಡೆಲ್ಕೋ ಆದರೆ 12 ವೋಲ್ಟಿನ ಒಂದು ಚಿಕ್ಕ ಬಲ್ಬ್, ಎರಡು ತುಂಡು ವಯರ್ ಸಾಕು. ಪಾಯಿಂಟ್ ಗ್ಯಾಪ್ ಸರಿ ಮಾಡಿಕೊಳ್ಳಿ. ಒಂದನೇ ಸಿಲಿಂಡರ್ ಕಂಪ್ರೆಷನ್ನಿನಲ್ಲಿ ಮೇಲೆ ಬರುವ ಹಾಗೆ ಇಂಜಿನನ್ನು ಕೈಯಲ್ಲಿ ತಿರುಗಿಸಿ, ಪುಲ್ಲಿಯ ಗುರುತನ್ನು ಬೇಕಾದ ಡಿಗ್ರಿಗೆ ನಿಲ್ಲಿಸಿ. ಕಾಯಿಲ್‌ನಿಂದ ಡೆಲ್ಕೋಗೆ ಹೋಗುವ ವಯರಿನ ಟರ್ಮಿನಲ್ಲಿಗೆ ಬಲ್ಬಿನ ಒಂದು ತುದಿ, ಇನ್ನೊಂದು ಬಾಡಿಗೆ. ಇಗ್ನಿಷನ್ ಆನ್ ಮಾಡಿ. ಡೆಲ್ಕೋ ಬೋಲ್ಟ್ ಸಡಿಲಿಸಿ, ರೋಟರ್ (ಡೆಲ್ಕೋದ ಒಳಗೆ ಸುತ್ತುವ ಭಾಗ) ತಿರುಗುವ ದಿಕ್ಕಿಗೇ ಬಾಡಿಯನ್ನು ತಿರುಗಿಸಿದರೆ ಪಾಯಿಂಟ್ ಮುಚ್ಚಿ ಬಲ್ಬ್ ಆರುತ್ತದೆ. ಅಲ್ಲಿಂದ ನಿಧಾನಕ್ಕೆ ವಿರುದ್ಧ ದಿಕ್ಕಿಗೆ ತನ್ನಿ. ಬಲ್ಬ್ ಹೊತ್ತಿಕೊಂಡ ಕ್ಷಣದಲ್ಲಿ ನಿಲ್ಲಿಸಿ ಬೋಲ್ಟ್ ಬಿಗಿ ಮಾಡಿ. ಇಗ್ನಿಷನ್ ಆನ್ ಇಟ್ಟು ಹೊತ್ತು ಕಳೆಯಬೇಡಿ, ಕಾಯಿಲ್ ಬಿಸಿಯಾಗುತ್ತದೆ. ಇಂಜಿನ್ ಓಡುತ್ತಿರುವಾಗಿನ ಅಡ್ವಾನ್ಸ್ ಇದರಲ್ಲಿ ಕಾಣುವುದಿಲ್ಲ. ಆದರೂ ಗಾಡಿ ಓಡಿಸಲು ಧಾರಾಳ ಸಾಕು.

ಗುರುತು ಕಾಣುವ ಹಾಗೆ ಮಾಡುವುದು

ಅರ್ಧ ಕೆಲಸ ಇಲ್ಲೇ ಇರುವುದು. ಕೆಲವು ಇಂಜಿನ್ನುಗಳಲ್ಲಿ ಗುರುತು ಮುಂದಿನ ಪುಲ್ಲಿಯಲ್ಲಿ ಇರುತ್ತದೆ. ಕೆಲವದರಲ್ಲಿ ಫ್ಲೈವೀಲಿನ ಮೇಲೆ ಇದ್ದು, ಕ್ಲಚ್ ಹೌಸಿಂಗಿನ ಒಂದು ಸಣ್ಣ ಕಿಂಡಿಯಿಂದ ನೋಡಬೇಕು. ಕಿಂಡಿಗೆ ರಬ್ಬರ್ ಮುಚ್ಚಳ ಇರಬಹುದು. ಬೇಕಾದ ಡಿಗ್ರಿ ಎಷ್ಟು ಎನ್ನುವುದು ಬಾನೆಟ್ ಒಳಗಿನ ಸ್ಟಿಕ್ಕರಿನಲ್ಲಿ ಅಥವಾ ಸರ್ವಿಸ್ ಮ್ಯಾನುಯಲ್ಲಿನಲ್ಲಿ ಸಿಗುತ್ತದೆ. ಬೇರೆ ಮಾದರಿಯ ಸಂಖ್ಯೆಯನ್ನು ನಿಮ್ಮ ಗಾಡಿಗೆ ಹಾಕಬೇಡಿ.

ನಮ್ಮ ಕರಾವಳಿಯ ಉಪ್ಪು ಗಾಳಿಗೆ, ಮಳೆಗೆ ಪುಲ್ಲಿ ತುಕ್ಕು ಹಿಡಿದು ಗುರುತೇ ಮಾಯವಾಗಿರುತ್ತದೆ. ಇಂಜಿನ್ ನಿಲ್ಲಿಸಿ ವಯರ್ ಬ್ರಷ್‌ನಿಂದ ಉಜ್ಜಿ, ಸೀಮೆಎಣ್ಣೆಯಲ್ಲೋ ಪೆಟ್ರೋಲ್ ಬಟ್ಟೆಯಲ್ಲೋ ಒರೆಸಿ, ಒಣಗಿದ ಮೇಲೆ ವೈಟ್ನರ್ ಹಚ್ಚಿ. ಸೀಮೆಸುಣ್ಣ ಬೇಗ ಹಾರಿಹೋಗುತ್ತದೆ. ಪೆಟ್ರೋಲ್ ಬಳಸಿದ್ದರೆ ಅದರ ವಾಸನೆ ಪೂರ್ತಿ ಹೋಗುವ ತನಕ ಸ್ಟಾರ್ಟ್ ಮಾಡಬೇಡಿ.

ಡಿಗ್ರಿ ಗೆರೆ ಇಲ್ಲ, ಸೊನ್ನೆಯ ಗುರುತು ಮಾತ್ರ ಇದೆ ಅಂದರೆ ಚಿಂತೆ ಇಲ್ಲ, ನೀವೇ ಹಾಕಬಹುದು. ಪುಲ್ಲಿಯ ಸುತ್ತಳತೆಯನ್ನು ದಾರದಿಂದ ಅಳೆದು 360ರಿಂದ ಭಾಗಿಸಿ. ಪುಲ್ಲಿಯ ಅಡ್ಡಳತೆ 12 ಸೆಂಟಿಮೀಟರ್ ಇದ್ದರೆ ಸುತ್ತಳತೆ ಸುಮಾರು 377 ಮಿಲಿಮೀಟರ್. ಆಗ 10 ಡಿಗ್ರಿಗೆ ಹತ್ತೂವರೆ ಮಿಲಿಮೀಟರ್. ಪುಲ್ಲಿ ತಿರುಗುವ ದಿಕ್ಕಿನಲ್ಲಿ ಸೊನ್ನೆಯ ಗುರುತಿಗಿಂತ ಅಷ್ಟು ಮುಂದೆ ಇನ್ನೊಂದು ಗೆರೆ ಎಳೆಯಿರಿ. ಇಂಜಿನ್ ಓಡುವಾಗ ಆ ಗೆರೆ ಸೂಚಕದ ಎದುರು ನಿಂತರೆ 10 ಡಿಗ್ರಿ ಅಡ್ವಾನ್ಸ್. ರಬ್ಬರ್ ಪದರ ಇರುವ ಪುಲ್ಲಿಗಳಲ್ಲಿ ಹೊರಬಳೆ ಜಾರಿ ಗುರುತೇ ತಪ್ಪಾಗಿರುವುದುಂಟು. ಸಂಶಯ ಬಂದರೆ ಒಂದನೇ ಪ್ಲಗ್ ಬಿಚ್ಚಿ, ಪಿಸ್ಟನ್ ನಿಜವಾಗಿ ಮೇಲೆ ಬಂದಾಗ ಗುರುತು ಸೊನ್ನೆಯಲ್ಲಿದೆಯಾ ಅಂತ ನೋಡಿಕೊಳ್ಳಿ.

ಟೈಮಿಂಗ್ ನೋಡುವ ಕ್ರಮ

ಸಂಜೆ ಹೊತ್ತು ಒಳ್ಳೆಯದು, ಬಿಸಿಲು ಇಳಿದಿರುತ್ತದೆ. ಮುಚ್ಚಿದ ಶೆಡ್ಡಿನಲ್ಲಿ ಬೇಡ, ಹೊಗೆ ಅಪಾಯ. ಲುಂಗಿ, ಪಂಚೆ, ಶಾಲು, ಕತ್ತಿನ ಸರ ಯಾವುದೂ ಬೇಡ, ಪ್ಯಾಂಟ್ ಹಾಕಿಕೊಳ್ಳಿ. ಇದನ್ನು ಬರೀ ಔಪಚಾರಿಕತೆಗೆ ಹೇಳುತ್ತಿಲ್ಲ. ಲೈಟಿನ ಮಿನುಗಿನಲ್ಲಿ ಬೆಲ್ಟ್, ಪುಲ್ಲಿ, ಫ್ಯಾನ್ ಎಲ್ಲವೂ ನಿಂತ ಹಾಗೆ ಕಾಣುತ್ತವೆ. ನಿಂತಿರುವುದಿಲ್ಲ. ಕಣ್ಣನ್ನು ನಂಬಿ ಕೈ ಹಾಕಿದರೆ ಬೆರಳು ಹೋಗುತ್ತದೆ. ಮಕ್ಕಳನ್ನು ಹತ್ತಿರ ಬಿಡಬೇಡಿ.

ಮೊದಲು ಪ್ಲಗ್ ಗ್ಯಾಪ್, ಪಾಯಿಂಟ್ ಗ್ಯಾಪ್ ಸರಿ ಮಾಡಿ. ಪಾಯಿಂಟ್ ಗ್ಯಾಪ್ ಬದಲಾದರೆ ಟೈಮಿಂಗೂ ಬದಲಾಗುತ್ತದೆ, ಆದ್ದರಿಂದ ಈ ಕ್ರಮ ತಿರುಗಿಸಬಾರದು. ಗಾಡಿಯನ್ನು ನ್ಯೂಟ್ರಲ್‌ನಲ್ಲಿಟ್ಟು ಹ್ಯಾಂಡ್ ಬ್ರೇಕ್ ಎಳೆಯಿರಿ. ಇಂಜಿನ್ ಚೆನ್ನಾಗಿ ಬಿಸಿಯಾಗಲಿ. ಎಸಿ, ಹೆಡ್‌ಲೈಟ್ ಬಂದ್. ಇಂಜಿನ್ ನಿಲ್ಲಿಸಿ ಲೈಟ್ ಜೋಡಿಸಿ. ಕ್ಲ್ಯಾಂಪ್ ಬೇರೆ ಪ್ಲಗ್ ವಯರುಗಳಿಗೆ ತಾಗದೆ ದೂರ ಇರಲಿ, ಇಲ್ಲದಿದ್ದರೆ ಅವುಗಳ ಸ್ಪಾರ್ಕಿಗೂ ಮಿನುಗುತ್ತದೆ. ಲೈಟಿನ ವಯರ್ ಸೈಲೆನ್ಸರ್ ಮ್ಯಾನಿಫೋಲ್ಡಿಗೂ ಫ್ಯಾನಿಗೂ ತಾಗಬಾರದು.

ಮ್ಯಾನುಯಲ್ ಹೇಳಿದ್ದರೆ ಡೆಲ್ಕೋದ ವ್ಯಾಕ್ಯೂಮ್ ಪೈಪ್ ತೆಗೆದು, ಪೈಪಿನ ಬಾಯಿಯನ್ನು ಒಂದು ಸ್ಕ್ರೂನಿಂದ ಮುಚ್ಚಿ. ಐಡ್ಲಿಂಗನ್ನು ನಿಗದಿತ ಆರ್‌ಪಿಎಂಗೆ ತನ್ನಿ. ಐಡ್ಲಿಂಗ್ ಜಾಸ್ತಿ ಇದ್ದರೆ ಡೆಲ್ಕೋದ ಒಳಗೆ, ವೇಗ ಏರಿದ ಹಾಗೆ ಅಡ್ವಾನ್ಸ್ ಏರಿಸುವ ತೂಕಗಳು ಆಗಲೇ ತೆರೆಯಲು ಶುರು ಮಾಡಿ ಓದು ತಪ್ಪಾಗುತ್ತದೆ. ಈಗ ಲೈಟ್ ಹಿಡಿದು ಗುರುತು ಓದಿ. ಗುರುತಿನ ನೇರಕ್ಕೇ ನೋಡಿ. ಓರೆಯಾಗಿ ನೋಡಿದರೆ ಒಂದೆರಡು ಡಿಗ್ರಿ ಸುಮ್ನೆ ತಪ್ಪಿ ಕಾಣುತ್ತದೆ.

ಬದಲಿಸಬೇಕಾದರೆ ಡೆಲ್ಕೋ ಬೋಲ್ಟನ್ನು ಕೈಯಲ್ಲಿ ತಿರುಗಿಸುವಷ್ಟೇ ಸಡಿಲಿಸಿ. ರೋಟರ್ ತಿರುಗುವ ದಿಕ್ಕಿಗೆ ವಿರುದ್ಧವಾಗಿ ಬಾಡಿ ತಿರುಗಿಸಿದರೆ ಟೈಮಿಂಗ್ ಅಡ್ವಾನ್ಸ್, ಅದೇ ದಿಕ್ಕಿಗೆ ತಿರುಗಿಸಿದರೆ ರಿಟಾರ್ಡ್, ಅಂದರೆ ತಡ. ಕೂದಲೆಳೆಯಷ್ಟು ತಿರುಗಿಸಿದರೂ ಗುರುತು ಸರಿಯುತ್ತದೆ. ಪ್ಲಗ್ ವಯರ್ ಮುಟ್ಟಬೇಡಿ, ಹಳೆ ವಯರ್ ಆದರೆ ಶಾಕ್ ಹೊಡೆಯುತ್ತದೆ. ಬೋಲ್ಟ್ ಬಿಗಿ ಮಾಡಿದ ಮೇಲೆ ಇನ್ನೊಮ್ಮೆ ಓದಿ, ಬಿಗಿ ಮಾಡುವಾಗ ಅದು ಅಲುಗುವುದು ಸಾಮಾನ್ಯ.

ಲೈಟಿನ ನಿಜವಾದ ಉಪಯೋಗ ಇನ್ನು ಮುಂದೆ. ಆಕ್ಸಿಲರೇಟರ್ ನಿಧಾನಕ್ಕೆ ಏರಿಸಿ. ಗುರುತು ಅಡ್ವಾನ್ಸ್ ಕಡೆಗೆ ಸರಾಗವಾಗಿ ಸರಿಯಬೇಕು, ಬಿಟ್ಟಾಗ ಅದೇ ಜಾಗಕ್ಕೆ ಮರಳಬೇಕು. ಅಲುಗದೆ ನಿಂತರೆ ಒಳಗಿನ ತೂಕಗಳು ತುಕ್ಕು ಹಿಡಿದು ಜಾಮ್ ಆಗಿವೆ. ನಮ್ಮ ಊರಲ್ಲಿ ಮಳೆಗಾಲ ಪೂರ್ತಿ ಹೊರಗೆ ನಿಂತ ಗಾಡಿಯಲ್ಲಿ ಮೊದಲು ಸಂಶಯಪಡಬೇಕಾದದ್ದು ಇದನ್ನೇ. ಗುರುತು ಐಡ್ಲಿಂಗಿನಲ್ಲೇ ಆಚೆ ಈಚೆ ಕುಣಿದರೆ ಡೆಲ್ಕೋ ಶಾಫ್ಟಿನ ಬುಶ್ ಸವೆದಿರಬಹುದು. ಕೊನೆಗೆ ವ್ಯಾಕ್ಯೂಮ್ ಪೈಪ್ ಜೋಡಿಸಿ ಥ್ರಾಟಲ್ ಸ್ವಲ್ಪ ಏರಿಸಿ. ಪೈಪ್ ತೆಗೆದಾಗ ಅದೇ ಆರ್‌ಪಿಎಂನಲ್ಲಿ ಇದ್ದದ್ದಕ್ಕಿಂತ ಗುರುತು ಮುಂದೆ ಹೋಗಿರಬೇಕು. ಹೋಗದಿದ್ದರೆ ವ್ಯಾಕ್ಯೂಮ್ ಡಬ್ಬಿಯ ಡಯಾಫ್ರಮ್ ಹರಿದಿದೆಯಾ ನೋಡಿ. ಮೈಲೇಜ್ ಇಲ್ಲ ಅಂತ ಕಾರ್ಬುರೇಟರನ್ನೇ ಪದೇ ಪದೇ ಬಿಚ್ಚುವ ಮೊದಲು ಈ ಮೂರು ನೋಡಿದರೆ ಖರ್ಚು ಉಳಿಯುತ್ತದೆ.

ಮುಗಿದ ಮೇಲೆ ಒಂದು ಏರು ಹತ್ತಿಸಿ ನೋಡಿ. ಉಡುಪಿಯವರಿಗೆ ಇಂದ್ರಾಳಿ ದಾಟಿ ಮಣಿಪಾಲಕ್ಕೆ ಏರುವ ರಸ್ತೆ ಸಾಕು, ಮಂಗಳೂರಲ್ಲಿ ಕದ್ರಿ ಗುಡ್ಡದ ಏರು. ಮೇಲಿನ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಟಣಟಣ ಅಂತ ನಾಕಿಂಗ್ ಬಂದರೆ ಅಡ್ವಾನ್ಸ್ ಜಾಸ್ತಿಯಾಗಿದೆ. ಪಿಕಪ್ ಸತ್ತು, ಇಂಜಿನ್ ಬಿಸಿ ಏರುತ್ತಿದ್ದರೆ ಟೈಮಿಂಗ್ ಹಿಂದೆ ಉಳಿದಿದೆ. ಒಂದೆರಡು ಡಿಗ್ರಿ ತಿದ್ದಿ ಮತ್ತೆ ನೋಡಿ. ಶಿರಾಡಿ, ಚಾರ್ಮಾಡಿ ಘಾಟಿ ಹತ್ತುವ ಯೋಚನೆ ಇದ್ದರೆ ಈ ಪರೀಕ್ಷೆ ತಪ್ಪಿಸಬೇಡಿ.

ಕೆಲಸ ಆದ ಕೂಡಲೇ ಬ್ಯಾಟರಿ ಕ್ಲಿಪ್ಪುಗಳನ್ನು ಒರೆಸಿ, ಸ್ವಲ್ಪ ವ್ಯಾಸಲೀನ್ ಹಚ್ಚಿ. ಫೆರೈಟ್ ಬಾಯಿಗೆ ಮಾತ್ರ ಏನೂ ಹಚ್ಚಬೇಡಿ, ಒಣ ಬಟ್ಟೆಯಲ್ಲಿ ಒರೆಸಿದರೆ ಆಯಿತು. ಶೂ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಚೀಲ ಎರಡು ಹಾಕಿ, ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಇಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಡಬ್ಬಿ ಮನೆಯೊಳಗೇ ಇರಲಿ, ಕಾರಿನ ಡಿಕ್ಕಿಯಲ್ಲಿ ಬೇಡ.